ಜಗಲಿ ಮೇಲೊಂದು ಮಗು, ಅಂಗಳದಲ್ಲೊಂದು ಮಗು

ಭಾಗ 1/8

ಫೋಟೋದಲ್ಲಿ ಇರೋದು ಒಂದು ಅಡಿಕೆ ಹಾಳೆ. ಸೋಗೆ ಸಮೇತ ತೋಟದಲ್ಲಿ ಬಿದ್ದಿತ್ತು, ಎಳ್ಕೊಂಡು ಬಂದೆ. ಬೆಲೆ ಸೊನ್ನೆ ರೂಪಾಯಿ. ಇದರ ಕಥೆ ಭಾಗ 3ರಲ್ಲಿ ಬರುತ್ತೆ.

"ನಮ್ಮೂರಲ್ಲಿ ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗೋಕೆ ಎಂತದೂ ಇಲ್ಲ ಮಾರಾಯ್ರೆ."

ಈ ಮಾತು ಕೊಪ್ಪದಲ್ಲೂ ಕೇಳಿದೀನಿ, ಶೃಂಗೇರಿಯಲ್ಲೂ ಕೇಳಿದೀನಿ, ಎನ್.ಆರ್.ಪುರದಲ್ಲೂ ಕೇಳಿದೀನಿ. ರಜೆಗೆ ಬೆಂಗಳೂರಿಂದ ಬಂದವರೂ ಹೇಳ್ತಾರೆ, ಇಲ್ಲೇ ಇರೋರೂ ಹೇಳ್ತಾರೆ. ಮಾಲ್ ಇಲ್ಲ, ಪ್ಲೇ ಏರಿಯಾ ಇಲ್ಲ, ಒಳ್ಳೇ ಪಾರ್ಕ್ ಇಲ್ಲ. ಹೇಳಿ ಮುಗಿಸೋದ್ರೊಳಗೆ ಮಗು ಕೈಗೆ ಮೊಬೈಲ್ ಹೋಗಿರುತ್ತೆ.

ನಾನು ಇದನ್ನ ಒಪ್ಪಲ್ಲ. ನಮ್ಮ ಮೂರು ತಾಲ್ಲೂಕಲ್ಲಿ ಜಾಗಕ್ಕೆ ಬರ ಇಲ್ಲ, ಆಟದ ಸಾಮಾನಿಗಂತೂ ಇಲ್ಲವೇ ಇಲ್ಲ. ಕಮ್ಮಿ ಆಗಿರೋದು ಜೊತೆಗೆ ಆಡೋಕೆ ಇನ್ನೊಂದು ಮಗು. ಆ ಇನ್ನೊಂದು ಮಗು ಎಷ್ಟೋ ಸಲ ಹತ್ತು ಹೆಜ್ಜೆ ದೂರದಲ್ಲೇ ಕೂತಿರುತ್ತೆ. ಎರಡನ್ನೂ ಸೇರಿಸದೆ ಇರೋರು ನಾವು ದೊಡ್ಡವರು. ಇಪ್ಪತ್ತು ವರ್ಷ ಆದ್ಮೇಲೆ ನಾವೂ ದೊಡ್ಡವರ ಲೆಕ್ಕಕ್ಕೇ ಬರ್ತೀವಿ ಕಣ್ರೋ, ತಪ್ಪಿಸ್ಕೊಳ್ಳೋಕಾಗಲ್ಲ.

ಉದ್ದ ಇದೆ. ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿ.

ಭಾಗ 2/8

ಫೋಟೋ: ದೂರದಿಂದ ತೆಗೆದ ತೋಟ. ಮಧ್ಯದಲ್ಲಿ ಒಂದೇ ಒಂದು ಹೆಂಚಿನ ಮನೆ.

ಬಯಲುಸೀಮೆ ಹಳ್ಳಿಯಲ್ಲಿ ಮನೆಗೆ ಮನೆ ಅಂಟ್ಕೊಂಡಿರುತ್ತೆ. ಬಾಗಿಲು ತೆಗೆದ್ರೆ ಬೀದಿ, ಬೀದಿ ತುಂಬ ಮಕ್ಕಳು. ನಮ್ಮಲ್ಲಿ ಹಾಗಲ್ಲ. ತೋಟಕ್ಕೊಂದು ಮನೆ. ಪಕ್ಕದ ಮನೆ ಅಂದ್ರೆ ಹಳ್ಳ ದಾಟಿ, ಗುಡ್ಡ ಹತ್ತಿ ಹೋಗ್ಬೇಕು. ಮೊದಲು ಒಂದೇ ಮನೆಯಲ್ಲಿ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಸೇರಿ ಏಳೆಂಟು ಜನ ಇರ್ತಿದ್ರು, ಅದಕ್ಕೆ ಈ ದೂರ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಗ ಅರ್ಧ ಜನ ಬೆಂಗಳೂರಲ್ಲಿ. ಮನೇಲಿ ಉಳಿದಿರೋದು ಅಜ್ಜ, ಅಜ್ಜಿ, ಒಂದು ಮಗು. ಆ ಮಗು ಯಾರ ಜೊತೆ ಕಣ್ಣಾಮುಚ್ಚಾಲೆ ಆಡ್ಬೇಕು? ಕಂಬದ ಜೊತೆನಾ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಅಂತ ಒಂದು ಮಾರ್ಗಸೂಚಿ ಕೊಟ್ಟಿದೆ. 3-4 ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸ್ಬೇಕು. ಅದ್ರಲ್ಲಿ 60 ನಿಮಿಷ ಏದುಸಿರು ಬರೋ ಹಾಗೆ ಓಡಿ ಕುಣಿಯೋದು. ಕೂತು ಸ್ಕ್ರೀನ್ ನೋಡೋದು 1 ಗಂಟೆ ದಾಟಬಾರದು, ಕಮ್ಮಿ ಆದಷ್ಟೂ ಒಳ್ಳೇದು. 1 ವರ್ಷದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ.

180 ನಿಮಿಷ ಅಂದ್ರೆ 3 ಗಂಟೆ. ಒಂಟಿ ಮಗು 3 ಗಂಟೆ ಒಬ್ಬೊಬ್ಬನೇ ಓಡಲ್ಲ. ಇನ್ನೊಂದು ಮಗು ಅಟ್ಟಿಸ್ಕೊಂಡು ಬಂದ್ರೆ ಓಡುತ್ತೆ. ವಿಷಯ ಇಷ್ಟೇ ಸರಳ.

ಹಾಗಂತ ಮನೆಯೋರನ್ನ ಬೈಯೋಕೆ ಹೋಗ್ಬೇಡಿ. ಅಡಿಕೆ ಕೊಯ್ಲಿನ ಟೈಮಲ್ಲಿ ಅತ್ತಿಗೆ ಆಳುಗಳಿಗೆ ಕಾಫಿ ತಿಂಡಿ ಮಾಡಿ, ಸುಲಿದ ಅಡಿಕೆ ಬೇಯಿಸಿ, ಹರವೋದು ನೋಡಿ, ಮಧ್ಯ ಹತ್ತು ನಿಮಿಷ ಉಸಿರಾಡೋಕೆ ಅಂತ ಮೊಬೈಲ್ ಕೊಡ್ತಾರೆ. ಅಜ್ಜಿಗೆ ಮಂಡಿ ನೋವು. ಅವರು ಓಡೋ ಮಗು ಹಿಂದೆ ಓಡಲ್ಲ. ಆ ಮನೇಲಿ ಓಡೋಕೆ ಆಗೋರು ಯಾರು ಅಂತ ನೋಡಿದ್ರೆ, ಭಾನುವಾರ ಹತ್ತು ಗಂಟೆವರೆಗೂ ಮಲಗಿರೋ ನಾವೇ.

ಭಾಗ 3/8

ಫೋಟೋ: ಅಂಗಳದ ಮಣ್ಣಿನ ಮೇಲೆ ಹಾಳೆ ಎಳೆದ ಗೆರೆ.

ಹಾಳೆ ಎಳೆಯೋ ಆಟ ಗೊತ್ತಿಲ್ದೆ ಇರೋರಿಗೆ: ಹಾಳೆ ಮೇಲೆ ಒಂದು ಮಗು ಕೂರ್ಬೇಕು, ಸೋಗೆ ತುದಿ ಹಿಡಿದು ಇನ್ನೊಬ್ರು ಎಳೀಬೇಕು. ಹಾಳೆ ಹರಿಯೋವರೆಗೂ ಆಟ. ಹರಿದ್ರೆ ಇನ್ನೊಂದು ಹಾಳೆ. ಇದಕ್ಕೆ ಇಬ್ಬರು ಬೇಕೇ ಬೇಕು, ಒಬ್ಬರೇ ಕೂತು ಒಬ್ಬರೇ ಎಳೆಯೋಕಾಗಲ್ಲ.

ಕಳೆದ ಕೊಯ್ಲಲ್ಲಿ ನಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯೋಕೆ ಕೂತಿದ್ರು. ಅವರಲ್ಲಿ ಒಬ್ಬರ ಜೊತೆ ನಾಲ್ಕು ವರ್ಷದ ಹುಡುಗ ಬಂದಿದ್ದ. ಅಡಿಕೆ ಸಿಪ್ಪೆ ರಾಶಿ ಪಕ್ಕ ಕೂತು ಒಂದು ಕಡ್ಡಿಯಿಂದ ಮಣ್ಣು ಗೀಚ್ತಾ ಇದ್ದ. ಅದೇ ಹೊತ್ತಿಗೆ ಜಗಲಿ ಮೇಲೆ ನಮ್ಮಕ್ಕನ ಮಗಳು, ಮೂರೂವರೆ ವರ್ಷ, ಮೊಬೈಲಲ್ಲಿ ಯಾರೋ ಬೇರೆ ದೇಶದ ಮಗು ಆಟದ ಸಾಮಾನು ಬಿಚ್ಚೋದನ್ನ ನೋಡ್ತಾ ಇದ್ಲು. ಒಬ್ಬ ಜಗಲಿ ಕಡೆ ಕದ್ದು ನೋಡ್ತಾನೆ, ಇವಳು ಅಂಗಳದ ಕಡೆ ಕದ್ದು ನೋಡ್ತಾಳೆ. ಮಧ್ಯ ಇರೋದು ಮೂರು ಮೆಟ್ಟಿಲು.

ಹಾಳೆ ತಂದು ಅಂಗಳದಲ್ಲಿ ಹಾಕಿ "ಯಾರು ಕೂರ್ತೀರಿ?" ಅಂದೆ. ಇವಳು ಮೊಬೈಲ್ ಅಲ್ಲೇ ಬಿಟ್ಟು "ಚಿಕ್ಕೀ ನಾನು" ಅಂತ ಇಳಿದು ಬಂದ್ಲು. ಅವನಿಗೆ "ನೀನು ಎಳಿತೀಯೇನೋ?" ಅಂತ ಕೇಳಿದೆ. ಎದ್ದು ನಿಂತ. ಅಷ್ಟರಲ್ಲಿ ಅವನಮ್ಮ ಮೆಟ್ಟುಗತ್ತಿ ಪಕ್ಕಕ್ಕಿಟ್ಟು, "ಬ್ಯಾಡ ಕಣಮ್ಮ, ಪಾಪು ಬಿದ್ರೆ ಇವ್ನ ಮ್ಯಾಲೇ ಬತ್ತದೆ" ಅಂದ್ರು.

ಆ ಮಾತನ್ನ ಇನ್ನೊಂದು ಸಲ ಓದಿ. ಅವರಿಗೆ ಮಗ ಆಡೋದು ಬೇಡ ಅಂತಿರಲಿಲ್ಲ. ಆಟದಲ್ಲಿ ಯಾರಾದ್ರೂ ಬಿದ್ರೆ ಬೈಸ್ಕೊಳ್ಳೋದು ಯಾರ ಮಗು ಅಂತ ಅವರಿಗೆ ಮೊದಲೇ ಗೊತ್ತಿತ್ತು. ನಾಲ್ಕು ವರ್ಷದ ಹುಡುಗನಿಗೂ ಅದು ಅರ್ಥ ಆಗಿ ಮತ್ತೆ ಕೂತ್ಬಿಟ್ಟ.

"ಬಿದ್ರೆ ಎಳೆಸಿದ ನನ್ನ ಮೇಲೆ ಬರ್ಲಿ ಬಿಡಿ" ಅಂದ್ಮೇಲೆ ಕಳಿಸಿದ್ರು. ಒಂದೂವರೆ ಗಂಟೆ ಆಡಿದ್ರು. ಇವಳೂ ಎಳೆದ್ಲು, ಅವನೂ ಕೂತ. ಇಬ್ಬರೂ ಬಿದ್ರು, ಇಬ್ಬರೂ ನಕ್ರು. ಮೊಬೈಲ್ ಚಾರ್ಜ್ ಮುಗಿದು ಆಫ್ ಆಗಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ.

ಭಾಗ 4/8

ಫೋಟೋ: ಹೆಂಚಿನಿಂದ ಬೀಳೋ ನೀರಿನ ಕೆಳಗೆ ಕಾಗದದ ದೋಣಿ.

ಸರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡದೆ ಇದ್ದಾಗ ಎಂತ ಮಾಡೋದು ಅಂತ ಕೇಳ್ತೀರಿ. ಮಳೆಗಾಲಕ್ಕೇ ಅಂತ ನಮ್ಮಲ್ಲಿ ಆಟಗಳಿವೆ. ಎಲ್ಲ ಜಗಲಿ ಮೇಲೇ ಆಗುತ್ತೆ.

ಚೆನ್ನೆಮಣೆ: ಅಟ್ಟದ ಮೇಲೆ ಒಂದಿರುತ್ತೆ, ಹುಡುಕಿ. ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಸಾಮಾನ್ಯವಾಗಿ ಗುಳಿಗೆ 4ರಂತೆ 56 ಕಾಯಿ. ಮೂರು ನಾಲ್ಕು ವರ್ಷದೋರಿಗೆ ಪೂರ್ತಿ ಆಟ ಹೇಳ್ಕೊಡ್ಬೇಡಿ. ಒಂದೊಂದು ಗುಳಿಗೆ ಒಂದೊಂದು ಹುಣಸೆ ಬೀಜ ಹಾಕ್ಕೊಂಡು ಹೋಗೋದೇ ಅವರಿಗೆ ದೊಡ್ಡ ಕೆಲಸ. ಎಣಿಸೋದು ತಾನಾಗೇ ಬರುತ್ತೆ. ಮಣೆ ಇಲ್ವಾ? ಮೊಟ್ಟೆ ಟ್ರೇ ಸಾಕು.

ದೋಣಿ: ನಮ್ಮ ಕಾಸ್ಟ್ ಅಕೌಂಟಿಂಗ್ ರಫ್ ಹಾಳೆಗಳಿಗೆ ಕೊನೆಗೂ ಒಂದು ಒಳ್ಳೇ ಉಪಯೋಗ. ಅಂಗಳದ ಚರಂಡಿಯಲ್ಲಿ ಎರಡು ದೋಣಿ ಬಿಡಿ, ಯಾವುದು ಮೊದಲು ಹೋಗುತ್ತೆ ನೋಡಿ. ಇದಕ್ಕೂ ಇಬ್ಬರು ಬೇಕು.

ಕಪ್ಪೆ ಕೇಳೋದು: ಸಂಜೆ ಆರೂವರೆಗೆ ಲೈಟ್ ಆರಿಸಿ ಜಗಲಿ ಮೇಲೆ ಕೂರಿ. ಎಷ್ಟು ತರದ ಕೂಗು ಕೇಳ್ಸುತ್ತೆ ಅಂತ ಬೆರಳು ಮಡಿಸೋದು. ಮಗು ಅದೇ ತರ ಕೂಗ್ಬೇಕು. ನೀವೂ ಕೂಗ್ಬೇಕು, ಮರ್ಯಾದೆ ನೋಡ್ಬೇಡಿ. ಕರೆಂಟ್ ಹೋದ್ರೆ ಇನ್ನೂ ಚಂದ.

ಬಸ್ಸಾಟ: ಒಂದು ಹಗ್ಗದೊಳಗೆ ಎಲ್ಲರೂ ನಿಲ್ಲೋದು, ಮುಂದಿರೋನು ಡ್ರೈವರ್, ಹಿಂದಿರೋನು ಕಂಡಕ್ಟರ್, "ರೈಟ್ ರೈಟ್". ನಮ್ಮೂರ ಮಕ್ಕಳಿಗೆ ಈ ಆಟದಲ್ಲಿ ಬಸ್ಸಿನ ಹೆಸರು ಸಹಕಾರ ಸಾರಿಗೆ ಅಂತಾನೇ ಇರ್ತಿತ್ತು. ಮುಚ್ಚಿಹೋದ ಒಂದು ಬಸ್ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ಅದು. 2020ರಲ್ಲಿ ಓಡಾಟ ನಿಲ್ತು. ಇನ್ನೊಬ್ಬರ ಹತ್ರ ಕೆಲಸ ಮಾಡ್ತಿದ್ದೋರೇ ಸೇರ್ಕೊಂಡು ಬಸ್ ಓಡಿಸಿದ್ರು ಅನ್ನೋ ಕಥೆನ ದೊಡ್ಡ ಮಕ್ಕಳಿಗೆ ಹೇಳಿ, ಸಣ್ಣೋರಿಗೆ ಹಾರ್ನ್ ಸೌಂಡ್ ಸಾಕು.

ಭಾಗ 5/8

ಫೋಟೋ: ತುಂಗೆ ಮೆಟ್ಟಿಲು, ನೀರಲ್ಲಿ ಮೀನು.

ಈಗ ಹೊರಗೆ ಹೋಗೋದು. ಒಂದು ವಿಷಯ ಮೊದಲೇ ತಲೇಲಿ ಇಟ್ಕೊಳ್ಳಿ: ನಮ್ಮ ಟೂರು ಬೇರೆ, ಮಗುವಿನ ಟೂರು ಬೇರೆ. ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಅಂತ ನಮಗೆ ಹೆಮ್ಮೆ. ಎಡೇಹಳ್ಳಿ ಅಂತಿದ್ದ ಊರು 1915ರಲ್ಲಿ ಮೈಸೂರಿನ ಯುವರಾಜರ ಹೆಸರಲ್ಲಿ ನರಸಿಂಹರಾಜಪುರ ಆಯ್ತು ಅಂತ ಕ್ವಿಜ್‌ಗೆ ಓದ್ತೀವಿ. ಎರಡೂವರೆ ವರ್ಷದ ಮಗುವಿಗೆ ಇದೆಲ್ಲ ಎಂತಕ್ಕೆ? ದಾರಿಯಲ್ಲಿ ಕಂಡ ಕರು ಅದಕ್ಕೆ ಮುಖ್ಯ. ಕರು ಹತ್ರ ಇಪ್ಪತ್ತು ನಿಮಿಷ ನಿಲ್ಲೋ ತಾಳ್ಮೆ ಇದ್ರೆ ಮಾತ್ರ ಹೊರಡಿ.

ಶೃಂಗೇರಿ: ಮಠದ ಹಿಂದೆ ತುಂಗೆಯಲ್ಲಿ ಮೀನು. ಹಿಡಿಯೋ ಹಾಗಿಲ್ಲ ಅಂತ ಅವೂ ನಿರ್ಭಯವಾಗಿ ಮೆಟ್ಟಿಲ ತನಕ ಬರ್ತವೆ. ಒಂದು ಸಣ್ಣ ಪೊಟ್ಟಣ ಮಂಡಕ್ಕಿ ಸಾಕು. ಅಲ್ಲೇ ಹೊಳೆ ದಡದಲ್ಲಿ ಕಪ್ಪೆ ಶಂಕರ ಇದೆ. ಹೆರಿಗೆ ನೋವಲ್ಲಿದ್ದ ಕಪ್ಪೆಗೆ ಬಿಸಿಲು ತಾಗದ ಹಾಗೆ ಹಾವು ಹೆಡೆ ಬಿಚ್ಚಿ ನಿಂತಿತ್ತು ಅನ್ನೋ ಐತಿಹ್ಯದ ಜಾಗ. ಮಕ್ಕಳಿಗೆ ಇದಕ್ಕಿಂತ ಒಳ್ಳೇ ಕಥೆ ಯಾವುದು? ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ಒಳಗಿನ 12 ರಾಶಿ ಕಂಬಗಳ ವಿಷಯ ನಿಮಗಿರ್ಲಿ. ಮಗುವಿಗೆ ಹೊರಗೋಡೆ ತೋರಿಸಿ, "ಆನೆ ಎಲ್ಲಿದೆ? ಕುದುರೆ ಎಲ್ಲಿದೆ?" ಅಂತ ಕೇಳಿ. ಒಂದು ಸುತ್ತು ಮುಗಿಯೋಕೆ ಮುಕ್ಕಾಲು ಗಂಟೆ ಬೇಕು.

ಕೊಪ್ಪ: ಬಸ್ ಸ್ಟ್ಯಾಂಡೇ ಸಾಕು. ಕಾರಲ್ಲೇ ಓಡಾಡಿ ಬೆಳೆದ ಮಗುವಿಗೆ ಬಸ್ಸು ಅಂದ್ರೆ ಜಾತ್ರೆ. ಹರಿಹರಪುರದವರೆಗೆ ಕಿಟಕಿ ಪಕ್ಕ ಕೂರಿಸ್ಕೊಂಡು ಹೋಗಿ, ಒಂದು ಬಾಳೆಹಣ್ಣು ತಿಂದು, ವಾಪಸ್ ಬನ್ನಿ. ಇಲ್ಲ ಅಂದ್ರೆ ಸಂತೆ. "ಕೆಂಪಗಿರೋದು ಎಲ್ಲೆಲ್ಲಿದೆ ತೋರ್ಸು" ಅಂತ ಹೇಳಿ ಒಂದು ರೌಂಡ್ ಹೊಡೀರಿ. ಕೈ ಮಾತ್ರ ಬಿಡ್ಬೇಡಿ.

ಎನ್.ಆರ್.ಪುರ: ಭದ್ರಾ ಹಿನ್ನೀರು ದೂರದಿಂದ ನೋಡೋಕೆ ಸಮುದ್ರದ ಹಾಗೆ. ಗಟ್ಟಿ ನೆಲದ ಮೇಲೆ ಬಟ್ಟೆ ಹಾಸಿ ಕೂತು ಹಕ್ಕಿ ಎಣಿಸಿ, ಬುತ್ತಿ ತಿನ್ನಿ. ಸಣ್ಣವರಿಗೆ ಮನೆಯ ಅದೇ ಚಿತ್ರಾನ್ನ ಹೊರಗೆ ತಿಂದ್ರೆ ಬೇರೆ ರುಚಿ.

ಎಲ್ಲದಕ್ಕೂ ಒಂದೇ ನಿಯಮ: ಒಂದು ಮಗುವನ್ನ ಕರ್ಕೊಂಡು ಹೊರಟ್ರೆ, ಇನ್ನೊಂದು ಮಗುವನ್ನ ಅವರ ಮನೇಲಿ ಕೇಳಿ ಜೊತೆಗೆ ಕರ್ಕೊಳ್ಳಿ.

ಭಾಗ 6/8

ಫೋಟೋ: ಅಂಗೈಯಲ್ಲಿ ಗುಲಗಂಜಿ. ಚಂದ ಇದೆ ಅಲ್ವಾ? ಅದಕ್ಕೇ ಈ ಭಾಗ.

"ನಮ್ಮ ಕಾಲದಲ್ಲಿ ಎಲ್ಲ ಹಾಗೇ ಆಡ್ತಿದ್ವಿ, ಏನಾಯ್ತು?" ಅನ್ನೋ ಮಾತು ಬೇಡ. ಮಲೆನಾಡಿನ ಅಪಾಯ ಮಲೆನಾಡಿನೋರಿಗೇ ಗೊತ್ತಿರ್ಬೇಕು.

ಗುಲಗಂಜಿ ವಿಷ. ಅಗಿದು ನುಂಗಿದ್ರೆ ಪ್ರಾಣಕ್ಕೇ ಅಪಾಯ. ಸಣ್ಣ ಮಕ್ಕಳ ಆಟಕ್ಕೆ ಅದು ಬೇಡವೇ ಬೇಡ. 3 ವರ್ಷದೊಳಗಿನೋರಿಗೆ ಯಾವ ಬೀಜವೂ ಬೇಡ, ಗಂಟಲಿಗೆ ಸಿಕ್ಕುತ್ತೆ, ಮೂಗಿಗೂ ತುರುಕ್ಕೊಳ್ತಾರೆ. ಅವರಿಗೆ ಪಾತ್ರೆ, ಸೌಟು, ನೀರು ಕೊಡಿ.

ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ನಮ್ಮ ಕಡೆಗೂ ಬಂದಿದೆ. ಹರಡೋದು ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳನ್ನ ಕಾಡೊಳಗೆ, ತರಗೆಲೆ ರಾಶಿ ಮೇಲೆ ಆಡೋಕೆ ಬಿಡ್ಬೇಡಿ. ಮಂಗ ಸತ್ತು ಬಿದ್ದಿದ್ರೆ ಹತ್ರ ಹೋಗ್ದೆ ಆರೋಗ್ಯ ಕೇಂದ್ರಕ್ಕೆ ಹೇಳಿ. ಮನೆಗೆ ಬಂದ್ಮೇಲೆ ಬಟ್ಟೆ ಬದಲಾಯಿಸಿ, ಬಿಸಿನೀರು ಸ್ನಾನ, ಕಿವಿ ಹಿಂದೆ ಕಂಕುಳಲ್ಲಿ ಎಲ್ಲ ನೋಡಿ. ಆಮೇಲೆ ಜ್ವರ ಬಂದ್ರೆ ಕಾಡಿಗೆ ಹೋಗಿದ್ದನ್ನ ಡಾಕ್ಟರ್‌ಗೆ ಹೇಳಿ.

ನೀರು: ಮಳೆಗಾಲದಲ್ಲಿ ತುಂಗೆ, ಭದ್ರೆ, ಮನೆ ಹಿಂದಿನ ಹಳ್ಳ ಯಾವುದೂ ಬೇಡ. ಹೊಳೆ ಏರಿದ್ರೆ ಕಪ್ಪೆ ಶಂಕರವೇ ಮುಳುಗುತ್ತೆ. ಹಿನ್ನೀರಿನ ಅಂಚು ಒಣಗಿದ ಹಾಗೆ ಕಂಡ್ರೂ ಕೆಸರು ಕಾಲು ಹಿಡಿಯುತ್ತೆ. ಸಿರಿಮನೆ ಫಾಲ್ಸ್ ರೀಲ್ಸ್‌ಗೆ ಚಂದ, ಮೂರು ವರ್ಷದ ಮಗುವಿಗೆ ಪಾಚಿ ಕಲ್ಲು. ತೋಟದ ಗುಂಡಿ, ಬಾವಿ, ಕೃಷಿ ಹೊಂಡ ಎಲ್ಲಿದೆ ಅಂತ ಮೊದಲು ನೀವು ಒಂದು ಸುತ್ತು ನೋಡ್ಕೊಂಡು ಬನ್ನಿ.

ಔಷಧಿ: ಬೋರ್ಡೋ ಹೊಡೆದ ತೋಟಕ್ಕೆ, ಕಳೆನಾಶಕ ಹೊಡೆದ ಕಾಫಿ ತೋಟಕ್ಕೆ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ. ಮೈಲುತುತ್ತದ ಡ್ರಮ್ಮು, ಖಾಲಿ ಬಾಟಲಿ ಆಟದ ಸಾಮಾನಲ್ಲ. ಮೆಟ್ಟುಗತ್ತಿ ಇರೋ ಕಡೆಯಿಂದ ಆಟದ ಜಾಗ ದೂರ ಇರ್ಲಿ.

ಆನೆ ಓಡಾಡ್ತಿದೆ ಅಂತ ಮೆಸೇಜ್ ಬಂದ ದಿನ ಜಗಲಿಯೇ ಪ್ರವಾಸಿ ತಾಣ.

ಭಾಗ 7/8

ಫೋಟೋ: ಭಾನುವಾರ ಬೀಗ ಹಾಕಿದ ಒಂದು ಗೇಟು.

ನೀವು ಕೇಳಬಹುದಾದ ಮೂರು ಪ್ರಶ್ನೆ.

"ಹಾಗಾದ್ರೆ ಪಾರ್ಕ್ ಬೇಡ್ವಾ?" ಬೇಕು. ಪೇಟೆ ಬಾಡಿಗೆ ಮನೇಲಿ ಅಂಗಳವೇ ಇಲ್ದೆ ಬೆಳೆಯೋ ಮಕ್ಕಳಿಗೆ ಬೇಕೇ ಬೇಕು. ಆಡೋದು ಮಗುವಿನ ಹಕ್ಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲೇ ಇದೆ, ಭಾರತ 1992ರಲ್ಲಿ ಒಪ್ಪಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಆಟದ ಮೈದಾನ ಇರ್ಬೇಕು. ಆ ಮೈದಾನಗಳನ್ನ ಭಾನುವಾರ ಸಂಜೆ ಎರಡು ಗಂಟೆ ಸಣ್ಣ ಮಕ್ಕಳಿಗೆ ತೆಗೆದುಕೊಡಿ ಅಂತ ಗ್ರಾಮಸಭೆಯಲ್ಲಿ ಕೇಳೋಕೆ ನಮಗೇನು ಕಷ್ಟ? ಹದಿನೆಂಟು ದಾಟಿದೆ, ವೋಟಿದೆ, ಎದ್ದು ನಿಂತು ಕೇಳಬಹುದು. ಆದ್ರೆ ಪಾರ್ಕ್ ಬರೋವರೆಗೆ ಮೂರು ವರ್ಷದ ಮಗು ಮೂರು ವರ್ಷದ್ದಾಗೇ ಇರಲ್ಲ.

"ಅಂಗನವಾಡಿಗೆ ಹೋಗ್ತಾರಲ್ಲ, ಅಲ್ಲಿ ಮಕ್ಕಳು ಸಿಗಲ್ವಾ?" ಕೆಲವರಿಗೆ ಸಿಗ್ತಾರೆ. ಆದ್ರೆ ಈಗ ತೋಟದ ಮನೆ ಮಗು ವ್ಯಾನ್ ಹತ್ತಿ ಪೇಟೆಯ ನರ್ಸರಿಗೆ ಹೋಗುತ್ತೆ, ಲೈನ್ ಮನೆ ಮಗು ಅಂಗನವಾಡಿಗೆ. ಒಂದೇ ತೋಟದಲ್ಲಿ ಬೆಳೆಯೋ ಎರಡು ಮಕ್ಕಳು ಬೆಳಿಗ್ಗೆ ಒಂದೊಂದು ದಿಕ್ಕಿಗೆ ಹೋಗ್ತಾರೆ. ಸಂಜೆ ಒಬ್ಬರು ಜಗಲಿಗೆ, ಒಬ್ಬರು ಲೈನಿಗೆ.

"ಅವರ ಮಕ್ಕಳ ಜೊತೆ ಬಿಟ್ರೆ ಭಾಷೆ ಕೆಡುತ್ತೆ, ಜ್ವರ ಬರುತ್ತೆ." ಇದನ್ನ ಯಾರೂ ಜೋರಾಗಿ ಹೇಳಲ್ಲ, ಆದ್ರೆ ನಾವೆಲ್ಲ ಕೇಳಿದೀವಿ. ನೇರ ಉತ್ತರ ಕೊಡ್ತೀನಿ. ಶೀತ ಜ್ವರ ನರ್ಸರಿಯಿಂದಲೂ ಬರುತ್ತೆ, ಆಗ ಯಾರೂ ಫೀಸ್ ವಾಪಸ್ ಕೇಳಲ್ಲ. ಭಾಷೆ ಕೆಡಲ್ಲ, ಒಂದು ಭಾಷೆ ಜಾಸ್ತಿ ಆಗುತ್ತೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಂದು ಶಬ್ದವೂ ಒಂದೇ ಇಲ್ದೆ ಇರಬಹುದು, ಕಣ್ಣಾಮುಚ್ಚಾಲೆಗೆ ಶಬ್ದ ಬೇಕಾಗಲ್ಲ. ನಾಲ್ಕು ವರ್ಷಕ್ಕೆ ಮಗು ಕಲಿಯೋದು ಎಂತದು? ತನ್ನ ಸರದಿಗೆ ಕಾಯೋದು, ಸೋಲೋದು, ಇನ್ನೊಬ್ಬ ಬಿದ್ರೆ ಎತ್ತೋದು. ಅದ್ರ ಜೊತೆಗೇ ಯಾರನ್ನ ಜಗಲಿ ಹತ್ತಿಸ್ಬೇಕು, ಯಾರನ್ನ ಹತ್ತಿಸ್ಬಾರದು ಅನ್ನೋದನ್ನೂ ನಮ್ಮನ್ನ ನೋಡೇ ಕಲಿಯುತ್ತೆ. ನಾವು ಹೇಳ್ಕೊಡ್ಲಿಲ್ಲ ಅಂದ್ಕೊಂಡಿದ್ರೂ ಕಲಿತಿರುತ್ತೆ.

ಮೊಬೈಲ್ ಕಿತ್ಕೊಳ್ಳೋದು ಸುಲಭ. ಆ ಜಾಗದಲ್ಲಿ ಯಾರನ್ನ ಕೂರಿಸ್ತೀರಿ ಅನ್ನೋದೇ ಪ್ರಶ್ನೆ.

ಭಾಗ 8/8

ಫೋಟೋ: ಎರಡು ಜೊತೆ ಸಣ್ಣ ಚಪ್ಪಲಿ, ಒಂದೇ ಮೆಟ್ಟಿಲ ಮೇಲೆ.

ಬಿಕಾಂನೋರಾಗಿ ಲೆಕ್ಕ ಹಾಕೋಣ. ಹಾಳೆ: 0. ದೋಣಿ: 0. ಕಪ್ಪೆ: 0. ಮೊಟ್ಟೆ ಟ್ರೇ: 0. ಮೀನಿಗೆ ಮಂಡಕ್ಕಿ ಮತ್ತು ಬಸ್ ಚಾರ್ಜ್: ನಾವು ಕ್ಯಾಂಟೀನಲ್ಲಿ ಒಂದು ಸಂಜೆ ಕೊಡೋ ದುಡ್ಡಿಗಿಂತ ಕಮ್ಮಿ. ಇದ್ರಲ್ಲಿ ನಿಜವಾದ ಖರ್ಚು ಒಂದೇ, ನಮ್ಮ ಭಾನುವಾರದ ಒಂದು ಗಂಟೆ. ಆ ಗಂಟೆಯಲ್ಲಿ ಬೇರೆ ಎಂತ ಮಾಡ್ತಿದ್ವಿ ಅಂತ ಆಪರ್ಚುನಿಟಿ ಕಾಸ್ಟ್ ಹಾಕಿದ್ರೆ... ಬೇಡ ಬಿಡಿ, ನಮ್ಮ ಸ್ಕ್ರೀನ್ ಟೈಮ್ ನಮಗೇ ಗೊತ್ತಿದೆ.

ಇನ್ನೊಂದು ಲೆಕ್ಕ. ನಮ್ಮ ಕ್ಲಾಸಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿ ಇಲ್ಲೇ ಉಳೀತೀವಿ? ಬಹುಪಾಲು ಜನ ಹೋಗ್ತೀವಿ. ಆಮೇಲೆ ವರ್ಷಕ್ಕೆರಡು ಸಲ ಬಂದು "ಊರಲ್ಲಿ ಏನೂ ಇಲ್ಲ" ಅನ್ನೋ ಸಾಲಿಗೆ ನಾವೂ ಸೇರ್ತೀವಿ. ಹೋಗೋಕೆ ಮುಂಚೆ ಒಂದು ವರ್ಷ, ಒಂದೂವರೆ ವರ್ಷ ಸಿಗುತ್ತಲ್ಲ, ಅಷ್ಟರಲ್ಲಿ ಎರಡು ಮಕ್ಕಳಿಗೆ ಒಬ್ಬರಿಗೊಬ್ಬರ ಪರಿಚಯ ಮಾಡ್ಸಿದ್ರೆ, ನಾವು ಹೋದ್ಮೇಲೂ ಅವರ ಆಟ ನಡೀತಿರುತ್ತೆ. ಆಮೇಲೆ ನಾವು ಬೇಕಾಗಲ್ಲ. ಅದೇ ಬೇಕಾಗಿರೋದು.

ಈ ಭಾನುವಾರ ಇಷ್ಟು ಮಾಡಿ:

ಒಂದು. ನಿಮ್ಮ ಮನೇಲೋ ಪಕ್ಕದ ಮನೇಲೋ ಇರೋ 6 ವರ್ಷದೊಳಗಿನ ಒಂದು ಮಗುವನ್ನ ಕೂಗಿ.

ಎರಡು. ಲೈನ್ ಮನೆಯಿಂದ, ಎದುರು ಮನೆಯಿಂದ, ಅಂಗಡಿ ಹಿಂದಿನ ಮನೆಯಿಂದ ಇನ್ನೊಂದು ಮಗುವನ್ನ ಕೂಗಿ. ಅಮ್ಮನಿಗೆ ಹೇಳಿ ಕರ್ಕೊಂಡು ಬನ್ನಿ. "ಬಿದ್ರೆ ನಾನು ಜವಾಬ್ದಾರಿ" ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿಗೆ ಅವರು ಕಾಯ್ತಿರ್ತಾರೆ.

ಮೂರು. ಆಟ ಶುರು ಮಾಡ್ಸಿ, ಹತ್ತು ನಿಮಿಷ ನೀವೂ ಆಡಿ, ಆಮೇಲೆ ಪಕ್ಕಕ್ಕೆ ಕೂತು ಕಣ್ಣಿಟ್ಟಿರಿ. ರೂಲ್ಸ್ ಅವರೇ ಮಾಡ್ಕೊಳ್ಳಲಿ. ಜಗಳ ಆದ್ರೆ ಎರಡು ನಿಮಿಷ ಕಾಯಿರಿ, ಅಷ್ಟರಲ್ಲಿ ಅವರೇ ಮರೆತಿರ್ತಾರೆ.

ನಾಲ್ಕು. ತಿಂಡಿ ಕೊಡೋವಾಗ ಇಬ್ಬರಿಗೂ ಒಂದೇ ತರದ ತಟ್ಟೆ, ಒಂದೇ ಜಾಗ. ಇದು ಸಣ್ಣ ವಿಷಯ ಅನ್ನಿಸಿದ್ರೆ, ಮನೇಲಿ ಒಂದು ಸಲ ಮಾಡಿ ನೋಡಿ, ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಮಕ್ಕಳ ಮುಖ ಇರೋ ಫೋಟೋ ಹಾಕ್ಬೇಡಿ, ಟ್ಯಾಗ್ ಮಾಡ್ಬೇಡಿ. ಈ ಸೀರೀಸಲ್ಲೂ ಅದಕ್ಕೇ ಒಂದು ಮುಖವೂ ಇಲ್ಲ. ಆಡಿದ್ದು ಯಾವ ಆಟ ಅಂತ ಮಾತ್ರ ಕಮೆಂಟಲ್ಲಿ ಬರೀರಿ. ನಿಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿದ್ರೆ ಅದನ್ನೂ ಬರೀರಿ. ಹಾಳೆ ಬೇಕಿದ್ರೆ ಹೇಳಿ, ನಮ್ಮ ತೋಟದಲ್ಲಿ ಬೇಕಾದಷ್ಟು ಬಿದ್ದಿದೆ.

#ಕೊಪ್ಪ #ಶೃಂಗೇರಿ #ನರಸಿಂಹರಾಜಪುರ #ಮಲೆನಾಡು #ಹಾಳೆಆಟ